ಪರಸೀಮೆಯವರ ಪಂಕ್ತಿಯಲ್ಲಿ

ನೀತಿಯೆಂಬುದು ಗ್ರಂಥಗಳಲ್ಲಿ ಸೇರುವ ಮೊದಲು ಊಟದ ಮನೆಯಲ್ಲಿ ರೂಢಿಯಾಯಿತೆಂದು ತೋರುತ್ತದೆ. ಯಾರ ಕೈಯಿಂದ ನೀರು ಕುಡಿಯಬಹುದು, ಯಾರ ಮನೆಯ ಅನ್ನ ಸಲ್ಲುತ್ತದೆ, ಯಾರೊಡನೆ ಒಂದೇ ಸಾಲಿನಲ್ಲಿ ಕೂರಬಹುದು, ಎಂಜಲೆಲೆಯನ್ನು ಯಾರು ಎತ್ತಬೇಕು ಎಂಬ ವಿಷಯಗಳಲ್ಲಿ ನಮ್ಮ ಹಿರಿಯರಿಗಿದ್ದಷ್ಟು ಕಟ್ಟುನಿಟ್ಟು ಸತ್ಯ ನುಡಿಯುವ ವಿಷಯದಲ್ಲಿ ಇತ್ತೇ ಎಂಬುದು ಸಂದೇಹ. ಆ ಕಟ್ಟುಗಳಲ್ಲಿ ಬಹುಪಾಲು ನಮ್ಮ ಕಣ್ಣ ಮುಂದೆಯೇ ಸಡಿಲವಾಗಿವೆ. ಕೆಲವು ಮಾತ್ರ ಸಡಿಲವಾದಂತೆ ತೋರುತ್ತ ಒಳಗೆ ಬಿಗಿಯಾಗಿಯೇ ಉಳಿದಿವೆ. ಯಾವುದು ನಿಜವಾಗಿ ಸಡಿಲವಾಗಿದೆ, ಯಾವುದು ಹಾಗೆ ತೋರುತ್ತಿದೆ ಎಂದು ತಿಳಿಯಲು ಒಂದು ಸಣ್ಣ ಉದಾಹರಣೆಯನ್ನು ಹಿಡಿದು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ತಾಳವಾಡಿ ಸೀಮೆಯ ನಮ್ಮ ತರುಣರು ಇತ್ತೀಚಿನ ವರ್ಷಗಳಲ್ಲಿ ರಜೆ ಬಂತೆಂದರೆ ಹಾಸನೂರು, ಗೇರ್‌ಮಾಳಂ ಮಾರ್ಗವಾಗಿ ಕಾಡು ದಾಟಿ ಒಡೆಯರಪಾಳ್ಯಕ್ಕೆ ಹೋಗುತ್ತಾರೆ. ಹನೂರು ತಾಲ್ಲೂಕಿಗೆ ಸೇರಿದ ಆ ಊರಿನ ಬಳಿ ಟಿಬೆಟಿನ ನಿರಾಶ್ರಿತರ ವಸತಿಯಿದೆ. ಅಲ್ಲಿನ ಸಣ್ಣ ಹೋಟೆಲುಗಳಲ್ಲಿ ಮೊಮೊ, ತುಕ್ಪಾ ತಿಂದು, ಬೌದ್ಧ ವಿಹಾರವನ್ನು ನೋಡಿ, ಕಾಡಾನೆಗಳ ಭಯದಿಂದ ಹೊತ್ತು ಮುಳುಗುವ ಮುನ್ನ ಮರಳುತ್ತಾರೆ. ಮನೆಗಳಲ್ಲಿ ಇದರ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಅಜ್ಜ ಅಜ್ಜಿಯರು, ‘ಅದೇನು ಹಾಕಿರುತ್ತಾರೋ, ಯಾರ ಕೈಯ ಅಡುಗೆಯೋ’ ಎಂದು ಮುಖ ಸಿಂಡರಿಸುತ್ತಾರೆ. ಮೊಮ್ಮಕ್ಕಳು, ‘ಕಾಸು ಕೊಟ್ಟೆವು, ತಿಂದೆವು, ಅದರಲ್ಲಿ ಧರ್ಮವೇನು ಅಧರ್ಮವೇನು’ ಎನ್ನುತ್ತಾರೆ. ಈ ಎರಡು ಮಾತುಗಳೂ ಅರ್ಧ ಸತ್ಯವೆಂದು ನಮಗೆ ತೋರುತ್ತದೆ. ಪರಸೀಮೆಯಿಂದ ಬಂದವರು ಹಳ್ಳಿಗಾಡಿನಲ್ಲಿ ನಡೆಸುವ ಹೋಟೆಲಿನಲ್ಲಿ ಕುಳಿತು ಉಣ್ಣುವುದರಿಂದ ಉಣ್ಣುವವನ ಮೇಲೆ ಯಾವುದಾದರೂ ಹೊಣೆ ಬೀಳುತ್ತದೆಯೇ? ಬೀಳುವುದಾದರೆ ಅದು ಯಾವುದು? ಇದು ನಮ್ಮ ಪ್ರಶ್ನೆ.

ಮೊದಲು ಆ ಜನ ಅಲ್ಲಿಗೆ ಬಂದ ಬಗೆಯನ್ನು ಸ್ಮರಿಸೋಣ. ದಲೈ ಲಾಮಾ ಅವರು ಭಾರತದ ಗಡಿ ದಾಟಿದ್ದು 1959ರ ಮಾರ್ಚ್ ಕೊನೆಯಲ್ಲಿ. ಅವರ ಹಿಂದೆ ಸಾವಿರಾರು ಕುಟುಂಬಗಳು ಹಿಮದ ಕಣಿವೆಗಳನ್ನು ದಾಟಿ ಬಂದವು. ಹಲವರು ಕೆಲಕಾಲ ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆದು ಬದುಕಿದರು. ಅಂದಿನ ಮೈಸೂರು ರಾಜ್ಯವು ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಇವರಿಗೆ ಬಿಟ್ಟುಕೊಟ್ಟಿತು. ಆ ಬಳಿಕ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಸೀಮೆಗಳಲ್ಲಿಯೂ ವಸತಿಗಳಾದವು. ಒಡೆಯರಪಾಳ್ಯದ್ದು ಇವುಗಳಲ್ಲಿ ಈಚಿನದು, 1970ರ ದಶಕದ್ದು. ದೊಂಡೆನ್‌ಲಿಂಗ್ ಎಂಬುದು ಅವರೇ ಇಟ್ಟುಕೊಂಡ ಹೆಸರು. ಮರಗಟ್ಟುವ ಚಳಿಯಿಂದ ಬಂದವರು ಬಿಸಿಲಿಗೆ, ಸೊಳ್ಳೆಗೆ, ಆನೆಗೆ, ಹಂದಿಗೆ ಒಗ್ಗಿಕೊಂಡು ಮುಸುಕಿನ ಜೋಳ ಬೆಳೆದರು. ಬೆಳೆ ಸಾಲದಾದಾಗ ಚಳಿಗಾಲದಲ್ಲಿ ಊರೂರು ತಿರುಗಿ ಉಣ್ಣೆಯ ಸ್ವೆಟರ್ ಮಾರಿದರು. ಆ ಸ್ವೆಟರುಗಳನ್ನು ತೊಟ್ಟು ಬೆಳೆದವರು ನಮ್ಮ ಸಂಘದ ಸದಸ್ಯರಲ್ಲಿಯೂ ಹಲವರಿದ್ದಾರೆ. ಹೋಟೆಲು ಬಂದದ್ದು ಇವೆಲ್ಲದರ ಬಳಿಕ.

ಆ ಹೋಟೆಲಿನಲ್ಲಿ ವಿಶೇಷ ಆಡಂಬರವಿಲ್ಲ. ನಾಲ್ಕಾರು ಮೇಜು, ಗೋಡೆಯ ಮೇಲೆ ದಲೈ ಲಾಮಾ ಅವರ ಭಾವಚಿತ್ರ, ಅದಕ್ಕೆ ಹೊದಿಸಿದ ಬಿಳಿಯ ವಸ್ತ್ರ, ಮೇಜಿನ ಮೇಲೆ ಕೆಂಪು ಮೆಣಸಿನ ಚಟ್ನಿ, ಬಾಗಿಲ ಬಳಿ ಆವಿಯಾಡುವ ಅಂತಸ್ತಿನ ಪಾತ್ರೆ. ಮೊಮೊ ಎಂದರೆ ಮೈದಾಹಿಟ್ಟಿನ ತೆಳುವಾದ ಹಾಳೆಯೊಳಗೆ ಎಲೆಕೋಸನ್ನೋ ಮಾಂಸವನ್ನೋ ತುಂಬಿ ಹಬೆಯಲ್ಲಿ ಬೇಯಿಸಿದ ತಿನಿಸು. ನಮ್ಮ ಕಡುಬಿನ ದೂರದ ನೆಂಟನೆನ್ನಬಹುದು. ತುಕ್ಪಾ ಎಂದರೆ ಹಿಟ್ಟಿನ ಎಳೆಗಳನ್ನು ತರಕಾರಿಯ ತಿಳಿಸಾರಿನಲ್ಲಿ ಬೇಯಿಸಿದ್ದು. ಹಿರಿಯರು ಇಂದಿಗೂ ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ ಕುಡಿಯುತ್ತಾರೆ. ಹುರಿದ ಬಾರ್ಲಿಯ ಹಿಟ್ಟನ್ನು ಆ ಚಹಾದಲ್ಲಿಯೇ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ. ಇದಕ್ಕೆ ತ್ಸಾಂಪಾ ಎಂದು ಹೆಸರು. ರಾಗಿಯ ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ಹೊಲಕ್ಕೆ ಹೊರಡುತ್ತಿದ್ದ ನಮ್ಮ ಸೀಮೆಯ ಒಕ್ಕಲಿಗೆ ಇದರಲ್ಲಿ ಅಪರಿಚಿತವಾದುದು ಏನೂ ಇರದು. ಕಷ್ಟದ ನೆಲದಲ್ಲಿ ಬದುಕುವ ಜನ ಒಂದೇ ಉಪಾಯವನ್ನು ಬೇರೆಬೇರೆ ಧಾನ್ಯದಲ್ಲಿ ಕಂಡುಕೊಂಡಿದ್ದಾರೆ.

ಈಗ ಮೊಮ್ಮಕ್ಕಳ ವಾದವನ್ನು ವಿಚಾರಿಸೋಣ. ಹೋಟೆಲು ವ್ಯಾಪಾರ, ದುಡ್ಡು ಕೊಟ್ಟ ಮೇಲೆ ಋಣ ತೀರಿತು ಎಂಬುದು ಅವರ ಪಕ್ಷ. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ದೇಶದಲ್ಲಿ ಸಹಪಂಕ್ತಿಯನ್ನು ಬೆಳೆಸಿದ್ದರಲ್ಲಿ ಸುಧಾರಕರ ಪಾಲೆಷ್ಟೋ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಾಲೂ ಅಷ್ಟೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ದಾಸೋಹದ ಮೂಲಕ ಒಂದೇ ಪಂಕ್ತಿಯನ್ನು ಹಾಕಿಸಿದರು. 1917ರಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಕೇರಳದ ಚೆರಾಯಿಯಲ್ಲಿ ಮಿಶ್ರಭೋಜನ ಏರ್ಪಡಿಸಿ ತಮ್ಮವರಿಂದಲೇ ಬಹಿಷ್ಕಾರಕ್ಕೊಳಗಾದರು. ಅಂಥ ಸಾಹಸದ ಅಗತ್ಯವೇ ಇಲ್ಲದಂತೆ, ಪಕ್ಕದ ಕುರ್ಚಿಯಲ್ಲಿ ಕುಳಿತವನ ಕುಲ ಕೇಳದೆ ಇಡ್ಲಿ ತಿನ್ನುವುದನ್ನು ಪಟ್ಟಣದ ಹೋಟೆಲುಗಳು ಜನರಿಗೆ ಅಭ್ಯಾಸ ಮಾಡಿಸಿದವು. ನಾಣ್ಯಕ್ಕೆ ಕುಲವಿಲ್ಲ ಎಂಬುದು ಅದರ ದೊಡ್ಡ ಗುಣ.

ಆದರೆ ನಾಣ್ಯವೊಂದೇ ಈ ಕೆಲಸವನ್ನು ಮಾಡಲಿಲ್ಲವೆಂಬುದನ್ನೂ ನೆನೆಯಬೇಕು. ದಕ್ಷಿಣ ಭಾರತದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿರುತ್ತಿತ್ತು. ಮದರಾಸಿನ ಒಂದು ಹೋಟೆಲಿನ ಫಲಕದಲ್ಲಿದ್ದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಸಲು 1957ರಷ್ಟು ಈಚೆಗೆ ಪೆರಿಯಾರ್ ಅವರು ಚಳವಳಿ ನಡೆಸಬೇಕಾಯಿತು. ಹಳ್ಳಿಗಳ ಚಹಾದಂಗಡಿಗಳಲ್ಲಿ ಕೇರಿಯವರಿಗೆ ಬೇರೆ ಲೋಟವಿಡುವ ಪದ್ಧತಿಯನ್ನು ನಮ್ಮ ಪ್ರಾಂತದ ಹಿರಿಯರಾರೂ ಕಂಡಿಲ್ಲವೆನ್ನಲಾರರು. ಆ ಲೋಟದಲ್ಲಿ ಕುಡಿದವನೂ ಅದೇ ಕಾಸನ್ನು ಕೊಟ್ಟಿರುತ್ತಿದ್ದನು. ಕಾಸು ಸಮನಾಗಿದ್ದರೂ ಲೋಟ ಸಮನಾಗಲಿಲ್ಲ. ಅದಕ್ಕಾಗಿಯೇ ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಜಾತಿಮತದ ಕಾರಣದಿಂದ ಯಾರನ್ನೂ ತಡೆಯಬಾರದೆಂದು ಹೇಳಬೇಕಾಯಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ರದ್ದುಪಡಿಸಿತು, 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯಿದೆಯೂ ಬಂತು. ವ್ಯಾಪಾರವು ಬಾಗಿಲನ್ನು ತೆರೆಯಬಲ್ಲದು. ಒಳಗೆ ಬಂದವನನ್ನು ಹೇಗೆ ಕಾಣಬೇಕೆಂಬುದು ವ್ಯಾಪಾರದ ಹೊರಗಿನ ವಿಷಯ. ಆದ್ದರಿಂದ ದುಡ್ಡು ಕೊಟ್ಟೊಡನೆ ಎಲ್ಲ ಮುಗಿಯಿತೆಂಬ ವಾದ ನಿಲ್ಲುವುದಿಲ್ಲ.

ಇನ್ನೊಂದು ಪಕ್ಷವಿದೆ. ವಿದ್ಯಾವಂತರಲ್ಲಿ ಅದು ಹೆಚ್ಚು. ‘ನಾವು ಟಿಬೆಟಿನವರ ಹೋಟೆಲಿನಲ್ಲಿ ಕುಳಿತು ಉಣ್ಣುತ್ತೇವೆ, ನಮ್ಮಲ್ಲಿ ಆ ಹಳೆಯ ಸಂಕೋಚವಿಲ್ಲ’ ಎಂದು ಅವರು ಹೆಮ್ಮೆಪಡುತ್ತಾರೆ. ಈ ಹೆಮ್ಮೆಯನ್ನು ಸ್ವಲ್ಪ ತೂಗಿ ನೋಡಬೇಕು. ಟಿಬೆಟಿನವನ ಕೈಯ ಅನ್ನ ನಮಗೆ ಏಕೆ ಸುಲಭವಾಗುತ್ತದೆ? ಅವನು ನಮ್ಮ ಏಣಿಯ ಯಾವ ಮೆಟ್ಟಿಲಿನ ಮೇಲೂ ನಿಂತಿಲ್ಲ ಎಂಬುದೇ ಕಾರಣ. ಅವನ ಅಜ್ಜ ನಮ್ಮ ಅಜ್ಜನ ಹೊಲದಲ್ಲಿ ಜೀತಕ್ಕಿರಲಿಲ್ಲ. ಅವನ ಮನೆಯವರು ನಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಅನ್ನಕ್ಕೆ ಪಾತ್ರೆ ಹಿಡಿದಿರಲಿಲ್ಲ. ಅವನೊಡನೆ ಉಂಡರೆ ನಮ್ಮ ಊರಿನಲ್ಲಿ ಯಾರೂ ನಮ್ಮನ್ನು ಪ್ರಶ್ನಿಸುವುದಿಲ್ಲ, ನಮ್ಮ ಮಗಳ ಸಂಬಂಧಕ್ಕೆ ಅಡ್ಡಿಯಾಗುವುದಿಲ್ಲ, ದೇವಸ್ಥಾನದ ಮಂಡಲಿಯಲ್ಲಿ ನಮ್ಮ ಸ್ಥಾನ ಕುಗ್ಗುವುದಿಲ್ಲ. ಏನನ್ನೂ ಕಳೆದುಕೊಳ್ಳಬೇಕಾಗಿಲ್ಲದ ಕಡೆ ತೋರುವ ಔದಾರ್ಯಕ್ಕೆ ಹೆಚ್ಚು ಬೆಲೆ ಕಟ್ಟಲಾಗದು.

ಒಡೆಯರಪಾಳ್ಯದ ದಾರಿಯೇ ಇದಕ್ಕೆ ಸಾಕ್ಷಿ. ಆ ಕಾಡಿನ ಉದ್ದಕ್ಕೂ ಸೋಲಿಗರ ಪೋಡುಗಳಿವೆ. ಸೋಲಿಗರು ಈ ಬೆಟ್ಟಗಳ ಮೂಲನಿವಾಸಿಗಳು. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಜೇನು, ಗೆಡ್ಡೆ, ರಾಗಿ, ಸೊಪ್ಪುಗಳ ಅಡುಗೆಯಲ್ಲಿ ಅವರಿಗಿರುವ ಜ್ಞಾನವು ನಮ್ಮ ಯಾವ ಪಾಕಶಾಸ್ತ್ರದಲ್ಲಿಯೂ ಸಿಗುವುದಿಲ್ಲ. ಮೊಮೊ ತಿನ್ನಲು ಹೋಗುವ ನೂರು ಮಂದಿಯಲ್ಲಿ ಪೋಡಿನ ಮುಂದೆ ಗಾಡಿ ನಿಲ್ಲಿಸಿ ಅವರು ಕೊಟ್ಟ ಅಂಬಲಿಯನ್ನು ಕುಡಿದವರು ಎಷ್ಟು ಮಂದಿ? ಅಷ್ಟು ದೂರವೂ ಬೇಡ. ನಮ್ಮ ನಮ್ಮ ಊರಿನ ಕೇರಿಯಲ್ಲಿ ನಡೆದ ಮದುವೆಯ ಮನೆಗೆ ಮುಯ್ಯಿ ಕೊಡಲು ಹೋದವರಲ್ಲಿ ಎಲೆ ಹಾಕಿಸಿಕೊಂಡು ಉಂಡು ಬಂದವರು ಎಷ್ಟು, ‘ಈಗ ತಾನೇ ಊಟವಾಯಿತು’ ಎಂದು ಬಾಳೆಹಣ್ಣು ಹಿಡಿದು ಮರಳಿದವರು ಎಷ್ಟು? ಹಿಮಾಲಯದ ಆಚೆಯ ಅನ್ನ ಸಲ್ಲುತ್ತದೆ, ಮೂರು ಬೀದಿಯಾಚೆಯ ಅನ್ನ ಸಲ್ಲುವುದಿಲ್ಲ ಎಂದಾದರೆ ಸಡಿಲವಾಗಿರುವುದು ನಾಲಿಗೆ ಮಾತ್ರ, ಹಳೆಯ ಕಟ್ಟು ಹಾಗೆಯೇ ಇದೆ ಎಂದು ತಿಳಿಯಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ಸಮಾಧಾನ ಹೇಳಬಹುದು. ಎಲ್ಲಿಂದಲಾದರೂ ಆರಂಭವಾಗಲಿ, ದೂರದವರೊಡನೆ ಉಂಡು ಅಭ್ಯಾಸವಾದವನು ನಾಳೆ ಹತ್ತಿರದವರೊಡನೆಯೂ ಉಂಡಾನು ಎಂಬುದು ಆ ಸಮಾಧಾನ. ಇದರಲ್ಲಿ ಸತ್ಯಾಂಶವಿದೆ. ಮಕ್ಕಳ ಮಟ್ಟಿಗೆ ಇದು ಹೆಚ್ಚು ನಿಜ. ಶಾಲೆಯ ಮಧ್ಯಾಹ್ನದ ಊಟದ ಸಾಲಿನಲ್ಲಿ ಒಟ್ಟಿಗೆ ಕುಳಿತು ಬೆಳೆದ ಮಕ್ಕಳಿಗೆ ತಮ್ಮ ತಂದೆತಾಯಿಗಳಿಗಿದ್ದ ಅಂಜಿಕೆ ಇರುವುದಿಲ್ಲವೆಂಬುದನ್ನು ಅಧ್ಯಾಪಕ ವೃತ್ತಿಯ ನಾವೆಲ್ಲರೂ ಕಂಡಿದ್ದೇವೆ. ಆದರೆ ಬೆಳೆದವರಲ್ಲಿ ಅಭ್ಯಾಸವು ತಾನಾಗಿಯೇ ದೂರದಿಂದ ಹತ್ತಿರಕ್ಕೆ ನಡೆದು ಬರುವುದು ಅಪರೂಪ. ಅದನ್ನು ಬುದ್ಧಿಪೂರ್ವಕವಾಗಿ ಕರೆತರಬೇಕು. ಡಾ. ಅಂಬೇಡ್ಕರ್ ಅವರು 1936ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಸಹಭೋಜನವೊಂದರಿಂದಲೇ ಜಾತಿ ಅಳಿಯಲಿಲ್ಲ, ಅಳಿಯಲೂ ಆರದು, ರಕ್ತಸಂಬಂಧ ಬೆಳೆಯದೆ ಬಂಧುಭಾವ ಬೆಳೆಯದು ಎಂಬ ಅಭಿಪ್ರಾಯವನ್ನು ಮಂಡಿಸಿದ್ದಾರೆ. ಒಟ್ಟಿಗೆ ಉಂಡ ಮಾತ್ರಕ್ಕೆ ಇಷ್ಟು ಕಡಿಮೆ ಫಲವಾದರೆ, ಒಟ್ಟಿಗೆ ಉಣ್ಣಲೂ ಹಿಂಜರಿಯುವಲ್ಲಿ ಏನನ್ನು ನಿರೀಕ್ಷಿಸೋಣ?

ಅಜ್ಜ ಅಜ್ಜಿಯರ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅವರ ಹಿಂಜರಿಕೆಯಲ್ಲಿ ಎರಡು ಬಗೆಯ ಭಾವ ಬೆರೆತಿದೆ. ಅವನ್ನು ಬಿಡಿಸಿ ನೋಡದೆ ಹಳೆಯ ಕಾಲದವರೆಂದು ನಗುವುದು ಸರಿಯಲ್ಲ. ಹುಟ್ಟಿದಾರಭ್ಯ ಮಾಂಸ ಮುಟ್ಟದವರು, ಲಿಂಗಧಾರಣೆ ಮಾಡಿಕೊಂಡವರು, ವ್ರತನಿಷ್ಠರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಒಂದೇ ಒಲೆಯ ಮೇಲೆ, ಒಂದೇ ಆವಿಯ ಪಾತ್ರೆಯ ಕೆಳ ಅಂತಸ್ತಿನಲ್ಲಿ ಮಾಂಸದ್ದು, ಮೇಲಿನದರಲ್ಲಿ ಎಲೆಕೋಸಿನದು ಬೇಯುತ್ತಿದ್ದರೆ ತಮಗೆ ಸಲ್ಲದೆಂದು ಅವರು ಹೇಳುವುದು ಅವರ ಆಚಾರಕ್ಕೆ ಸಂಬಂಧಿಸಿದ್ದು, ಗೌರವಾರ್ಹವಾದದ್ದು. ತನ್ನ ಬಾಯಿಗೆ ತಾನು ಹಾಕಿಕೊಂಡ ನಿಯಮದಿಂದ ಯಾರಿಗೂ ಅವಮಾನವಾಗುವುದಿಲ್ಲ. ‘ಇದರಲ್ಲಿ ಮಾಂಸವಿದೆಯೇ, ಪಾತ್ರೆ ಬೇರೆಯೇ?’ ಎಂದು ಕೇಳಿದರೆ ಹೋಟೆಲಿನವರು ಇದ್ದುದನ್ನು ಇದ್ದಂತೆ ಹೇಳಬೇಕು. ಅದು ಅವರ ಧರ್ಮ. ಸಲ್ಲದೆಂದು ತೋರಿದರೆ ಚಹಾ ಮಾತ್ರ ಕುಡಿದು, ಜೊತೆಯವರು ಉಣ್ಣುವ ತನಕ ಸಂತೋಷದಿಂದ ಕುಳಿತಿರುವುದು ನಮ್ಮ ಧರ್ಮ.

ಇನ್ನೊಂದು ಭಾವ ಬೇರೆಯದು. ‘ಅವರು ಏನೇನೋ ತಿನ್ನುವ ಜನ’ ಎಂಬ ಮಾತಿನಲ್ಲಿ ಆಚಾರವಿಲ್ಲ, ತಿರಸ್ಕಾರವಿದೆ. ಸಮುದ್ರಮಟ್ಟದಿಂದ ಹನ್ನೆರಡು ಹದಿಮೂರು ಸಾವಿರ ಅಡಿ ಎತ್ತರದ ನೆಲದಲ್ಲಿ ಬಾರ್ಲಿಯ ಹೊರತು ಬೇರೆ ಪೈರು ಬೆಳೆಯುವುದೇ ಕಷ್ಟ. ಸೊಪ್ಪು ತರಕಾರಿ ಅಪರೂಪ. ಅಲ್ಲಿ ಯಾಕ್ ಎಂಬ ಚಮರೀಮೃಗದ ಹಾಲು, ಬೆಣ್ಣೆ, ಮಾಂಸಗಳಿಲ್ಲದೆ ಮನುಷ್ಯ ಬದುಕಿರಲಾರ. ಅಹಿಂಸೆಯನ್ನು ಬೋಧಿಸಿದ ಬುದ್ಧನ ಅನುಯಾಯಿಗಳು ಮಾಂಸ ತಿನ್ನುವುದೆಂತು ಎಂದು ಕೆಲವರು ಆಕ್ಷೇಪಿಸುತ್ತಾರೆ. ಪ್ರಾಚೀನ ವಿನಯ ನಿಯಮಗಳಲ್ಲಿ, ತನಗಾಗಿ ಕೊಂದದ್ದೆಂದು ಕಂಡಿರದ, ಕೇಳಿರದ, ಶಂಕೆಯೂ ಇರದ ಮಾಂಸವನ್ನು ಭಿಕ್ಷುವು ಭಿಕ್ಷೆಯಲ್ಲಿ ಸ್ವೀಕರಿಸಬಹುದೆಂದಿದೆ. ಅದು ಸಾಕೇ ಎಂಬ ಚರ್ಚೆ ಅವರಲ್ಲಿಯೇ ಜೀವಂತವಾಗಿದೆ. ಸಸ್ಯಾಹಾರ ಸುಲಭವಾಗಿ ದೊರೆಯುವ ಈ ನೆಲಕ್ಕೆ ಬಂದ ಮೇಲೆ ದಲೈ ಲಾಮಾ ಅವರು ಸಸ್ಯಾಹಾರವನ್ನು ಪ್ರೋತ್ಸಾಹಿಸುತ್ತ ಬಂದಿದ್ದಾರೆ. ಒಂದು ಜನಾಂಗ ತನ್ನೊಳಗೆ ಪ್ರಾಮಾಣಿಕವಾಗಿ ನಡೆಸುತ್ತಿರುವ ವಿಚಾರಕ್ಕೆ ಹೊರಗಿನವರ ಮೂದಲಿಕೆಯ ಅಗತ್ಯವಿಲ್ಲ.

ತಿನಿಸಿನಷ್ಟೇ ಮುಖ್ಯವಾದದ್ದು ಹೆಸರು. ನಮ್ಮ ಕಡೆಯ ಎಷ್ಟೋ ಮಂದಿ ಆ ಹೋಟೆಲನ್ನು ‘ಚೀನಾ ಹೋಟ್ಲು’ ಎಂದೇ ಕರೆಯುತ್ತಾರೆ. ಕರೆಯುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಚೀನದ ಆಳ್ವಿಕೆಯಿಂದ ಮನೆಮಠ ಬಿಟ್ಟು ಓಡಿಬಂದವರನ್ನು ಚೀನದವರೆಂದು ಕರೆದರೆ ಅವರಿಗೆ ಹೇಗಾದೀತು? ತಿನಿಸಿನ ಹೆಸರಿನಲ್ಲಿ ತಪ್ಪಿದರೆ ಹಾನಿಯಿಲ್ಲ. ನಮ್ಮ ಸಂತೆಬೀದಿಗಳಲ್ಲೆಲ್ಲ ಮಾರುವ ಗೋಬಿ ಮಂಚೂರಿಗೂ ಮಂಚೂರಿಯ ದೇಶಕ್ಕೂ ಯಾವ ಸಂಬಂಧವೂ ಇಲ್ಲ. 1970ರ ದಶಕದಲ್ಲಿ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬ ಕಲ್ಕತ್ತ ಮೂಲದ ಚೀನೀ ಬಾಣಸಿಗರು ಕೋಳಿಮಾಂಸದಿಂದ ಆರಂಭಿಸಿದ ತಿನಿಸಿಗೆ ನಮ್ಮವರು ಹೂಕೋಸು ಹಾಕಿಕೊಂಡರೆಂಬುದು ಪ್ರಚಲಿತವಾದ ಕಥೆ. 2024ರಲ್ಲಿ ಕರ್ನಾಟಕ ಸರ್ಕಾರವು ಅದರಲ್ಲಿ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಬೇಕಾಗುವಷ್ಟು ಅದು ನಮ್ಮದಾಗಿಬಿಟ್ಟಿದೆ. ತಿನಿಸಿಗೆ ಯಾವ ಊರಿನ ಹೆಸರಾದರೂ ಹೊಂದೀತು.

ಮನುಷ್ಯನ ಮಾತು ಹಾಗಲ್ಲ. ಮುಖ ನೋಡಿ ದೇಶ ನಿರ್ಣಯಿಸುವ ಅಭ್ಯಾಸವು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ಇತಿಹಾಸದಲ್ಲಿಯೇ ನಿದರ್ಶನಗಳಿವೆ. 1962ರ ಯುದ್ಧದ ಸಮಯದಲ್ಲಿ ಅಸ್ಸಾಂ, ಬಂಗಾಳಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಚೀನೀ ಮೂಲದ ಸುಮಾರು 3,000 ಮಂದಿಯನ್ನು ಹಿಡಿದು ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಲಾಯಿತು. ಅವರಲ್ಲಿ ಇಲ್ಲಿಯೇ ಹುಟ್ಟಿದ ಮಕ್ಕಳೂ ಇದ್ದರು, ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. 2012ರ ಆಗಸ್ಟ್ ತಿಂಗಳಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿ ಓಡಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಅವರೆಲ್ಲ ಭಾರತದ ಪ್ರಜೆಗಳೇ. ಹೆಸರನ್ನು ಸರಿಯಾಗಿ ತಿಳಿದು ಕರೆಯುವುದು ಬರಿಯ ಶಿಷ್ಟಾಚಾರವೆಂದು ಕೆಲವರು ಭಾವಿಸಬಹುದು. ಕೆಟ್ಟ ಕಾಲ ಬಂದಾಗ ನೆರೆಯವನನ್ನು ಕಾಪಾಡುವುದು ಅವನನ್ನು ಅವನೆಂದೇ ಬಲ್ಲ ನಾಲ್ಕು ಮಂದಿಯ ಪರಿಚಯ ಮಾತ್ರ.

ಇಲ್ಲಿಗೆ ನಮ್ಮ ವಿಚಾರವು ಅದರ ಮಧ್ಯಭಾಗಕ್ಕೆ ಬಂದಿದೆ. ಆ ಹೋಟೆಲಿನಲ್ಲಿ ಅತಿಥಿ ಯಾರು, ಆತಿಥೇಯ ಯಾರು? ಅತಿಥಿಯನ್ನು ದೇವರೆಂದು ಕಾಣಬೇಕೆಂದು ತೈತ್ತಿರೀಯ ಉಪನಿಷತ್ತು ಬೋಧಿಸುತ್ತದೆ. ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಇಲ್ಲಿ ಬಾಳಿದ್ದರೂ ಟಿಬೆಟಿನವರು ತಮ್ಮನ್ನು ಈ ದೇಶದ ಅತಿಥಿಗಳೆಂದೇ ಹೇಳಿಕೊಳ್ಳುತ್ತಾರೆ. ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಈ ನೆಲದಲ್ಲಿ ಹುಟ್ಟಿದವರು ಜನ್ಮತಃ ಪ್ರಜೆಗಳು. ಆದರೂ ಅವರಲ್ಲಿ ಅನೇಕರು ಪೌರತ್ವವನ್ನು ಕೇಳದೆ, ವಿದೇಶೀಯರ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತ ಬಾಳುತ್ತಿದ್ದಾರೆ. ತಾಯ್ನಾಡಿಗೆ ಮರಳುವ ಆಸೆಯನ್ನು ಬಿಟ್ಟುಕೊಟ್ಟಂತೆ ಆದೀತೆಂಬ ಅಳುಕು ಅವರಿಗಿದೆ. ಹೀಗೆ ಅತಿಥಿಯಾಗಿರುವವನು ಒಲೆ ಹೊತ್ತಿಸಿ, ಹಿಟ್ಟು ಕಲಸಿ, ನಮ್ಮ ಮುಂದೆ ತಟ್ಟೆಯಿಡುತ್ತಾನೆ. ಉಣ್ಣುವ ಹೊತ್ತಿಗೆ ಅವನು ಆತಿಥೇಯ, ನಾವು ಅತಿಥಿಗಳು. ಈ ಅದಲುಬದಲಿನಲ್ಲಿ ಒಂದು ಪಾಠವಿದೆ. ನೆಲದ ಒಡೆತನ ಮತ್ತು ಆತಿಥ್ಯ ಬೇರೆಬೇರೆ ಎಂಬುದೇ ಆ ಪಾಠ. ಏನೂ ಇಲ್ಲದೆ ಬಂದವನೂ ಇನ್ನೊಬ್ಬನಿಗೆ ಬಡಿಸಬಲ್ಲ. ಬಡಿಸಿದಾಗ ಅವನ ಕೈ ಮೇಲಿರುತ್ತದೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. 1956ರ ನವೆಂಬರ್ 1ಕ್ಕೆ ಮುಂಚೆ ಕೊಳ್ಳೇಗಾಲವೂ ತಾಳವಾಡಿಯೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಆ ದಿನ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಉಳಿಯಿತು. ನಾವು ಎಲ್ಲಿಗೂ ಹೋಗಲಿಲ್ಲ, ನಮ್ಮ ಹೊಲ ಮನೆ ದೇವರುಗಳು ಇದ್ದಲ್ಲಿಯೇ ಇದ್ದವು. ಆದರೂ ನಾವು ಅಲ್ಪಸಂಖ್ಯಾತರಾದೆವು. ಕಾಸರಗೋಡು, ಹೊಸೂರು, ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಾಗಳ ನಮ್ಮ ಬಂಧುಗಳ ಕಥೆಯೂ ಹೆಚ್ಚುಕಡಿಮೆ ಇದೇ. ಅಂದಿನಿಂದ ನಾವು ಕೇಳುತ್ತ ಬಂದಿರುವುದೇನು? ನಮ್ಮ ಮಕ್ಕಳಿಗೆ ನಮ್ಮ ನುಡಿಯ ಶಾಲೆ, ಕಚೇರಿಯಲ್ಲಿ ನಮ್ಮ ನುಡಿಯ ಅರ್ಜಿಗೆ ಉತ್ತರ, ನಮ್ಮ ಊರಿನ ಹೆಸರನ್ನು ಕೆಡಿಸದೆ ಬರೆಯುವ ಫಲಕ. ಒಟ್ಟಿನಲ್ಲಿ, ಸಂಖ್ಯೆಯಲ್ಲಿ ದೊಡ್ಡವರಾದವರು ಚಿಕ್ಕವರನ್ನು ಅವರ ಹೆಸರಿನಿಂದ, ಅವರ ನುಡಿಯಿಂದ ಗುರುತಿಸಬೇಕೆಂಬುದು ನಮ್ಮ ಬೇಡಿಕೆ. ಟಿಬೆಟಿನವರು ನಮಗಿಂತ ಚಿಕ್ಕವರು. ದೊಡ್ಡವರಿಂದ ನಾವು ಅಪೇಕ್ಷಿಸುವುದನ್ನು ಚಿಕ್ಕವರಿಗೆ ನಾವು ಕೊಡುತ್ತಿದ್ದೇವೆಯೇ ಎಂದು ಕೇಳಿಕೊಂಡರೆ ನಮ್ಮ ಬೇಡಿಕೆಗೆ ಬಲ ಬರುತ್ತದೆ. ಕೇಳಿಕೊಳ್ಳದಿದ್ದರೆ ಅದು ಬರಿಯ ಸ್ವಾರ್ಥವಾಗಿ ಉಳಿಯುತ್ತದೆ.

ಆ ಹೋಟೆಲಿನ ತರುಣಿ ‘ಬನ್ನಿ, ಕೂತ್ಕೊಳ್ಳಿ, ಏನ್ ಕೊಡ್ಲಿ?’ ಎಂದು ಶುದ್ಧ ಕೊಳ್ಳೇಗಾಲದ ಧಾಟಿಯಲ್ಲಿ ಕೇಳಿದಾಗ ನಮ್ಮವರು ಹಿಗ್ಗುತ್ತಾರೆ. ಹಿಗ್ಗಬೇಕಾದದ್ದೇ. ಆದರೆ ಅಷ್ಟು ವರ್ಷಗಳಲ್ಲಿ ಅವರ ನುಡಿಯ ಒಂದು ಪದವನ್ನಾದರೂ ನಾವು ಕಲಿತಿದ್ದೇವೆಯೇ? ‘ತಾಶಿ ದೆಲೆ’ ಎಂದರೆ ಶುಭವಾಗಲಿ, ‘ತುಜೆ ಚೆ’ ಎಂದರೆ ಉಪಕಾರವಾಯಿತು. ಇಷ್ಟು ಕಲಿಯಲು ಅರ್ಧ ಗಳಿಗೆ ಸಾಕು. ಅವರ ಲಿಪಿ ಏಳನೆಯ ಶತಮಾನದಲ್ಲಿ ಭಾರತದ ಲಿಪಿಯನ್ನು ಅನುಸರಿಸಿ ರೂಪುಗೊಂಡಿತೆಂದು ಅವರ ಪರಂಪರೆ ಹೇಳುತ್ತದೆ. ಅದಕ್ಕೂ ನಮ್ಮ ಕನ್ನಡ ಲಿಪಿಗೂ ಬ್ರಾಹ್ಮಿಯೇ ಮೂಲ. ಹೋಟೆಲಿನ ಗೋಡೆಯ ಮೇಲಿರುವ ಆ ಅಕ್ಷರಗಳು ನಮ್ಮ ಅಕ್ಷರಗಳ ದಾಯಾದಿಗಳೆಂದು ಮಕ್ಕಳಿಗೆ ತೋರಿಸಿದರೆ ಅವರು ಊಟದ ಜೊತೆಗೆ ಒಂದು ಪಾಠವನ್ನೂ ಹೊತ್ತು ತರುತ್ತಾರೆ.

ಹಾಗಾದರೆ ಉಣ್ಣುವವನ ಹೊಣೆ ಯಾವುದು? ನಮಗೆ ಕಂಡ ಮಟ್ಟಿಗೆ ಮೂರು ಮಾತು ಹೇಳಬಹುದು. ಮೊದಲನೆಯದು, ಬಡಿಸಿದವರನ್ನು ನೋಟದ ವಸ್ತುವಾಗಿ ಕಾಣದಿರುವುದು. ಅವರ ಮುಖವನ್ನು, ಉಡುಗೆಯನ್ನು, ಪ್ರಾರ್ಥನೆ ಮಾಡುವ ಅಜ್ಜಿಯನ್ನು ಕೇಳದೆ ಮೊಬೈಲಿನಲ್ಲಿ ಸೆರೆಹಿಡಿಯುವುದು, ತಿನಿಸಿನ ಹೆಸರನ್ನು ಅಣಕಿಸಿ ನಗುವುದು, ಇವು ಬೇರೆಯವರ ಮನೆಯಲ್ಲಿ ಮಾಡುವ ಕೆಲಸಗಳಲ್ಲ. ಎರಡನೆಯದು, ಅವರ ಕಥೆಯನ್ನು ತಿಳಿದಿರುವುದು. ಎಲ್ಲಿಂದ ಬಂದರು, ಏಕೆ ಬಂದರು ಎಂದು ತಿಳಿಯದೆ ಉಂಡವನು ಹೊಟ್ಟೆಗೆ ಮಾತ್ರ ಉಂಡಂತೆ. ಮೂರನೆಯದು ಇವೆರಡಕ್ಕಿಂತ ಕಠಿಣವಾದದ್ದು. ಅಲ್ಲಿ ಕಲಿತ ನಿಃಸಂಕೋಚವನ್ನು ಮನೆಗೆ ತರುವುದು. ದೂರದವನ ತಟ್ಟೆಯಲ್ಲಿ ಉಂಡವನ ಮೇಲೆ ಹತ್ತಿರದವನ ಎಲೆಯ ಋಣ ಬೀಳುತ್ತದೆ. ಪೋಡಿನ ಅಂಬಲಿ, ಕೇರಿಯ ಮದುವೆಯೂಟ, ಇವುಗಳ ಮುಂದೆ ಕೈಮುಗಿದು ಜಾರಿಕೊಳ್ಳುವ ಹಕ್ಕನ್ನು ಅವನು ಆ ಹೋಟೆಲಿನಲ್ಲಿಯೇ ಬಿಟ್ಟು ಬಂದಿದ್ದಾನೆ.

ನಮ್ಮ ಸೀಮೆಯ ಮಾದಪ್ಪನನ್ನೇ ನೆನೆಯೋಣ. ಮಲೆಯ ಮಾದೇಶ್ವರನು ಹೊರಗಿನಿಂದ ಬಂದು ಏಳುಮಲೆಯಲ್ಲಿ ನೆಲೆಸಿದವನೆಂದೇ ದೇವರಗುಡ್ಡರು ಹಾಡುತ್ತಾರೆ. ಸೋಲಿಗರು, ಬೇಡಗಂಪಣರು, ಒಕ್ಕಲಿಗರು, ಕುರುಬರು, ಕೇರಿಯವರು ಎಲ್ಲರೂ ಆ ಬೆಟ್ಟವೇರುತ್ತಾರೆ, ತಮಿಳು ನುಡಿಯವರೂ ಕನ್ನಡ ನುಡಿಯವರೂ ಅಲ್ಲಿಯ ದಾಸೋಹದಲ್ಲಿ ಉಣ್ಣುತ್ತಾರೆ. ಬೆಟ್ಟ ಇಳಿದ ಮೇಲೆ ಅವರವರ ಲೋಟ ಅವರವರಿಗೆ ಎಂಬಂತಾದರೆ ದೇವರ ಪ್ರಸಾದಕ್ಕೂ ಹೋಟೆಲಿನ ಮೊಮೊವಿಗೂ ಒಂದೇ ಗತಿಯಾಯಿತು. ಉಂಡದ್ದು ಒಂದು ದಿನದ ವಿಶೇಷವಾಗಿ ಮುಗಿಯಿತು, ನಡತೆಯಾಗಿ ಉಳಿಯಲಿಲ್ಲ.

ಕೊನೆಯದಾಗಿ ಒಂದು ಕಾರ್ಯರೂಪದ ಸಲಹೆ. ಟಿಬೆಟಿನ ವಸತಿಗಳ ಯುವಜನರು ಈಗ ಹೊರದೇಶಗಳಿಗೂ ದೊಡ್ಡ ಪಟ್ಟಣಗಳಿಗೂ ಹೋಗುತ್ತಿದ್ದಾರೆ. ಮನೆಗಳಲ್ಲಿ ವೃದ್ಧರು ಉಳಿಯುತ್ತಿದ್ದಾರೆ. ನಮ್ಮ ಗಡಿಯ ಹಳ್ಳಿಗಳಲ್ಲಿಯೂ ಆಗುತ್ತಿರುವುದು ಅದೇ. ಪರಿಚಯ ಬೆಳೆಸಲು ಕಾಲ ಬಹಳವಿಲ್ಲ. ಮುಂದಿನ ಸಾಹಿತ್ಯ ಸಮ್ಮೇಳನಕ್ಕೆ ಒಡೆಯರಪಾಳ್ಯದಿಂದ ಕನ್ನಡ ಬಲ್ಲ ನಾಲ್ವರು ಹಿರಿಯರನ್ನು ಆಹ್ವಾನಿಸಿ, ನುಡಿಯನ್ನು ಪರನೆಲದಲ್ಲಿ ಉಳಿಸಿಕೊಳ್ಳುವ ಬಗೆಯನ್ನು ಅವರಿಂದಲೂ ಕೇಳೋಣ. ಪೋಡುಗಳ ಹಾಡುಗಾರರನ್ನು ಕರೆಯುವಾಗ ವೇದಿಕೆಯ ಮೇಲೆ ಹಾಡಿಸಿ ಕಳುಹಿಸುವುದಕ್ಕೆ ನಿಲ್ಲದೆ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಎಲ್ಲಕ್ಕಿಂತ ಮೊದಲು, ಸಮ್ಮೇಳನದ ಪಾಕಶಾಲೆಯಲ್ಲಿ ಅಡುಗೆಗೂ ಬಡಿಸುವುದಕ್ಕೂ ಎಲ್ಲ ಬೀದಿಯ ಕೈಗಳು ಸೇರಲಿ. ಈ ವರ್ಷ ಯಾರು ಬೇಯಿಸಿದರು, ಯಾರು ಬಡಿಸಿದರು, ಯಾರು ಎಲೆ ಎತ್ತಿದರು ಎಂಬ ಪಟ್ಟಿಯನ್ನು ಸ್ವಾಗತ ಸಮಿತಿಯವರು ಒಮ್ಮೆ ತೆಗೆದು ನೋಡಬೇಕೆಂದು ವಿನಂತಿಸುತ್ತೇವೆ. ಆ ಪಟ್ಟಿಯಲ್ಲಿ ಬಡಿಸಿದವರ ಬೀದಿಯೇ ಒಂದು, ಎಲೆ ಎತ್ತಿದವರ ಬೀದಿಯೇ ಒಂದು ಎಂದು ಕಂಡುಬಂದರೆ ಮುಂದಿನ ಮಹಾಸಭೆಯಲ್ಲಿ ಸಾಹಿತ್ಯದ ನಿರ್ಣಯಗಳಿಗೆ ಮೊದಲು ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂಬುದು ನಮ್ಮ ಪ್ರಾರ್ಥನೆ.